ಮನೆಯ ಹೊಲಿಗೆ ಮೆಷಿನ್ನಿನಲ್ಲೇ ಡಬಲ್ ಕಾಟಿನ ಕೌದಿ: ಅಳತೆಯಿಂದ ಅಂಚುಪಟ್ಟಿಯವರೆಗೆ

ಡಬಲ್ ಕಾಟಿಗೆ ಸಾಲುವಷ್ಟು ದೊಡ್ಡ ಕೌದಿಯನ್ನು ಮನೆಯ ಮೆಷಿನ್ನಿನಲ್ಲಿ ಹೊಲಿಯಬಹುದೇ ಎಂದು ಕೇಳುವವರು ಅದರ ಉದ್ದಗಲ ನೋಡಿ ಹಿಂಜರಿಯುತ್ತಾರೆ. ನಿಜವಾಗಿ ಕೈ ಸೋಲಿಸುವುದು ದಪ್ಪ ಮತ್ತು ತೂಕ. ಸೂಜಿಯಿಂದ ಬಲಗಡೆಯ ಕಂಬದವರೆಗೆ ಮನೆಯ ಮೆಷಿನ್ನುಗಳಲ್ಲಿ ಆರೇಳು ಇಂಚು ಜಾಗ ಇರುತ್ತದೆ. ಉಷಾ, ಸಿಂಗರ್‌ನ ಹಳೆಯ ಕಪ್ಪು ಮೆಷಿನ್ನಾಗಲಿ, ಮೋಟರಿನ ಹೊಸ ಮೆಷಿನ್ನಾಗಲಿ ಹೆಚ್ಚುಕಡಿಮೆ ಅಷ್ಟೇ. 80 ಇಂಚು ಅಗಲದ ಕೌದಿಯ ನಡುಗೆರೆ ಹೊಲಿಯುವಾಗ ಅದರ ಅರ್ಧ, ಅಂದರೆ 40 ಇಂಚು ಬಟ್ಟೆ, ಸುರುಳಿಯಾಗಿ ಆ ಜಾಗದಲ್ಲಿ ಕೂರಬೇಕು. ಮೇಲ್ಬಟ್ಟೆ, ಒಳಪದರ, ಅಡಿಬಟ್ಟೆ ಈ ಮೂರು ಪದರ ಸೇರಿ 4 ಮಿಲಿಮೀಟರ್ ದಪ್ಪವಿದ್ದರೆ ಬಿಗಿಯಾಗಿ ಸುತ್ತಿದ ಸುರುಳಿ 3 ಇಂಚಿನ ಒಳಗೇ ಇರುತ್ತದೆ, ಸಡಿಲವಾಗಿ ಸುತ್ತಿದರೂ 4 ಇಂಚು ಮೀರುವುದಿಲ್ಲ. ದಪ್ಪ 1 ಸೆಂಟಿಮೀಟರ್ ಆಯಿತೆಂದರೆ ಬಿಗಿ ಸುರುಳಿಯೇ ನಾಲ್ಕೂವರೆ ಇಂಚು. ಅದನ್ನು ಮೆಷಿನ್ನಿನ ತೋಳಿನ ಕೆಳಗೆ ತುರುಕಿ ತಳ್ಳಬೇಕಾಗುತ್ತದೆ. ಆದ್ದರಿಂದ ಕೌದಿ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಮೊದಲು ಒಳಗೆ ಏನು ಹಾಕುತ್ತೀರಿ ಎಂದು ತೀರ್ಮಾನಿಸಿ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹವೆಗೆ ಭಾರದ ರಜಾಯಿ ಬೇಕಾಗುವುದು ಡಿಸೆಂಬರ್, ಜನವರಿಯ ಕೆಲವು ವಾರ ಮಾತ್ರ. ಉಳಿದ ದಿನ ಫ್ಯಾನಿನ ಕೆಳಗೆ ಹೊದೆಯುವಂಥ ತೆಳು ಕೌದಿಯೇ ಹಿತ. ತೆಳು ಕೌದಿ ಮನೆಯ ಮೆಷಿನ್ನಿಗೂ ಹಿತ.

ಸೀರೆಯ ಅಳತೆಗೆ ಕೌದಿಯ ಅಳತೆ

ಅಡಿಬಟ್ಟೆಗೆ ಹಳೆಯ ಕಾಟನ್ ಸೀರೆಗಿಂತ ಒಳ್ಳೆಯದು ಇಲ್ಲ. ಐದೂವರೆ ಮೀಟರ್ ಸೀರೆಯನ್ನು ಅರ್ಧಕ್ಕೆ ಕತ್ತರಿಸಿದರೆ 108 ಇಂಚಿನ ಎರಡು ತುಂಡು ಸಿಗುತ್ತವೆ. ಅಗಲ 44ರಿಂದ 46 ಇಂಚು. ಎರಡನ್ನೂ ಉದ್ದುದ್ದಕ್ಕೆ ಅರ್ಧ ಇಂಚಿನ ಹೊಲಿಗೆಯಲ್ಲಿ ಜೋಡಿಸಿದರೆ 87ರಿಂದ 91 ಇಂಚು ಅಗಲದ ಅಡಿಬಟ್ಟೆ ಸಿದ್ಧ. ಅಡಿಬಟ್ಟೆ ಮೇಲ್ಬಟ್ಟೆಗಿಂತ ನಾಲ್ಕೂ ಕಡೆ 3ರಿಂದ 4 ಇಂಚು ಹೆಚ್ಚಿರಬೇಕು. ಹೊಲಿಯುತ್ತಾ ಹೋದಂತೆ ಬಟ್ಟೆ ಸೇದಿಕೊಳ್ಳುತ್ತದೆ. ಹಾಗಾಗಿ ಒಂದು ಸೀರೆಗೆ 80×96 ಇಂಚಿನ ಕೌದಿ ಸರಿಯಾಗಿ ಹೊಂದುತ್ತದೆ.

ಫಾಲ್ ಬಿಚ್ಚಿ ತೆಗೆಯಿರಿ. ಜರಿಯ ಅಂಚಿದ್ದರೆ ಕತ್ತರಿಸಿ. ಜರಿ ದಾರವನ್ನು ಸವೆಸುತ್ತದೆ, ಸೂಜಿಯನ್ನೂ ಮೊಂಡು ಮಾಡುತ್ತದೆ. ಎರಡು ಕಡೆ ಹೆಬ್ಬೆರಳಿನಿಂದ ಒತ್ತಿಹಿಡಿದು ಜಗ್ಗಿ ನೋಡಿ. ಪರ್ರೆಂದು ಸೀಳಿದರೆ ಆ ಸೀರೆ ಒಳಪದರಕ್ಕೆ ಸರಿ, ಅಡಿಗೆ ಬೇಡ. ಸಿಂಥೆಟಿಕ್ ಸೀರೆ ಜಾರುತ್ತದೆ, ದೊಡ್ಡ ಕೌದಿಗೆ ಅದರ ಸಹವಾಸವೇ ಬೇಡ. ರೇಷ್ಮೆಯ ಸೀಮೆಯಾದ ಶಿಡ್ಲಘಟ್ಟ, ಚಿಂತಾಮಣಿ ಕಡೆ ಹಳೆಯ ರೇಷ್ಮೆ ಸೀರೆಯನ್ನು ಕೌದಿಗೆ ಹಾಕುವ ಆಸೆ ಸಹಜ. ಆದರೆ ರೇಷ್ಮೆಯಲ್ಲಿ ಒಮ್ಮೆ ಬಿದ್ದ ಸೂಜಿತೂತು ಹೊಲಿಗೆ ಬಿಚ್ಚಿದರೂ ಕಾಣುತ್ತದೆ. ಮೊದಲ ಕೌದಿಗೆ ಕಾಟನ್ನೇ ಇರಲಿ.

ಮೇಲ್ಬಟ್ಟೆಗೆ 8 ಇಂಚಿನ ಚೌಕಗಳು ಲೆಕ್ಕಕ್ಕೂ ಸುಲಭ, ಮೆಷಿನ್ನಿಗೂ ಸುಲಭ. ಅಡ್ಡಕ್ಕೆ 10, ಉದ್ದಕ್ಕೆ 12, ಒಟ್ಟು 120 ಚೌಕ. ಕಾಲು ಇಂಚು ಹೊಲಿಗೆಗೆ ಬಿಟ್ಟು ಪ್ರತಿಯೊಂದನ್ನೂ ಎಂಟೂವರೆ ಇಂಚಿಗೆ ಕತ್ತರಿಸಿ. 44 ಇಂಚು ಪನ್ನದ (ಅಗಲದ) ಒಂದು ಮೀಟರ್ ಪಾಪ್ಲಿನ್‌ನಲ್ಲಿ ಇಂಥ 20 ಚೌಕ ಬರುತ್ತವೆ, ಅಂದರೆ ಒಟ್ಟು 6 ಮೀಟರ್ ಬಟ್ಟೆ. ಕಟ್‌ಪೀಸ್ ಅಂಗಡಿಯಿಂದ ಆರು ಬಣ್ಣದಲ್ಲಿ ಒಂದೊಂದು ಮೀಟರ್ ತಂದರೂ ಆಯಿತು. ಹೊಸ ಬಟ್ಟೆಯನ್ನು ಕತ್ತರಿಸುವ ಮೊದಲು ನೀರಿನಲ್ಲಿ ನೆನೆಸಿ ಒಣಗಿಸಲೇಬೇಕು. ಹಳೆಯ ಸೀರೆ ಇನ್ನು ಕುಗ್ಗುವುದಿಲ್ಲ, ಹೊಸ ಪಾಪ್ಲಿನ್ ಕುಗ್ಗುತ್ತದೆ. ಎರಡನ್ನೂ ಹಾಗೇ ಸೇರಿಸಿ ಹೊಲಿದರೆ ಮೊದಲ ಒಗೆತಕ್ಕೇ ಅಡಿಭಾಗ ಜೋಲುತ್ತದೆ. ಕೆಂಪು, ಕಡುನೀಲಿ ಬಣ್ಣ ಬಿಡುತ್ತದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.

ಒಣಗಿಸುವ ಮೊದಲು ಅಡಿಬಟ್ಟೆಗೆ ಗಂಜಿ ಹಾಕಿ, ಗರಿಗರಿಯಾಗಿ ಇಸ್ತ್ರಿ ಮಾಡಿ. ಹಳೆಯ ಸೀರೆ ಮೆತ್ತಗೆ ಜೋಲುವುದೇ ಕೌದಿಯ ಹಿಂಭಾಗದಲ್ಲಿ ನೆರಿಗೆ ಬೀಳುವುದಕ್ಕೆ ಮುಖ್ಯ ಕಾರಣ. ಗಂಜಿ ಹಾಕಿದ ಸೀರೆ ಕಾಗದದಂತೆ ನಿಂತು, ಬಟ್ಟೆಯನ್ನು ಕೆಳಗಿನಿಂದ ಸರಿಸುವ ಮೆಷಿನ್ನಿನ ಹಲ್ಲಿನ ಮೇಲೆ ಸಲೀಸಾಗಿ ಸರಿಯುತ್ತದೆ. ಕೌದಿ ಮುಗಿದ ಕೂಡಲೇ ಒಗೆಯಿರಿ. ಗಂಜಿ ಉಳಿದರೆ ಬೀರುವಿನಲ್ಲಿ ಹುಳುಗಳಿಗೆ ಊಟ ಇಟ್ಟಂತೆ.

ಒಳಗೆ ಏನು ಹಾಕಬೇಕು

ಎರಡು ಹಳೆಯ ಕಾಟನ್ ಸೀರೆಗಳನ್ನು ಮೇಲಿನ ಲೆಕ್ಕದಂತೆಯೇ ಜೋಡಿಸಿ ಎರಡು ಪದರವಾಗಿ ಹಾಕಬಹುದು. ಇದೇ ನಮ್ಮ ಕಡೆಯ ಹಳೆಯ ಪದ್ಧತಿ, ಮೆಷಿನ್ನಿಗೂ ಇದೇ ಅತಿ ಸುಲಭ. ಜೋಡು ಹೊಲಿಗೆಗಳೆಲ್ಲ ಒಂದೇ ಕಡೆ ಬಾರದಂತೆ ಒಂದು ಪದರದ ಜೋಡಣೆಯನ್ನು ಅಡ್ಡಕ್ಕೆ ಮೂರ್ನಾಲ್ಕು ಇಂಚು ಸರಿಸಿ. ಸ್ವಲ್ಪ ಮೆತ್ತಗೆ ಬೇಕೆಂದರೆ 100 ಜಿಎಸ್‌ಎಂನ (ಚದರ ಮೀಟರಿಗೆ 100 ಗ್ರಾಂ ತೂಗುವ) ಪಾಲಿಯೆಸ್ಟರ್ ವ್ಯಾಡಿಂಗ್, ಅಂದರೆ ಹಾಳೆಯಂತೆ ಬರುವ ಮೆತ್ತನೆಯ ಒಳಪದರ, ತನ್ನಿ. 80×96 ಇಂಚಿಗೆ ಅದು ಅರ್ಧ ಕಿಲೋ ತೂಗುತ್ತದೆ, ಇಡೀ ಕೌದಿ ಒಂದೂವರೆ ಕಿಲೋದ ಆಸುಪಾಸಿಗೆ ನಿಲ್ಲುತ್ತದೆ. ಪನ್ನ ಸಾಲದಿದ್ದರೆ ಎರಡು ತುಂಡುಗಳ ಅಂಚನ್ನು ಒಂದರ ಮೇಲೊಂದು ಏರಿಸದೆ ಪಕ್ಕಪಕ್ಕ ತಾಗಿಸಿ, ಕೈಯಲ್ಲಿ ಉದ್ದುದ್ದ ಅಡ್ಡಹೊಲಿಗೆ ಹಾಕಿ. ಏರಿಸಿ ಹೊಲಿದರೆ ಅಲ್ಲೊಂದು ಬದುವೇ ಎದ್ದು ನಿಲ್ಲುತ್ತದೆ.

ಪಿಂಜಾರರು ಎಕ್ಕಿ ಕೊಡುವ ಅರಳೆ ಮೆಷಿನ್ ಹೊಲಿಗೆಗೆ ಒಗ್ಗುವುದಿಲ್ಲ. ಅದಕ್ಕೆ ಹಾಳೆಯ ಕಟ್ಟು ಇಲ್ಲ. ಬಟ್ಟೆಯನ್ನು ಮೇಲಿನಿಂದ ಒತ್ತಿಹಿಡಿಯುವ ಫೂಟು ಅದನ್ನು ಮುಂದೆ ಮುಂದೆ ತಳ್ಳಿ ಗುಡ್ಡೆ ಮಾಡುತ್ತದೆ. ಅದು ಕೈಹೊಲಿಗೆಯ ವಸ್ತು. ಶಿರಾ, ಪಾವಗಡ ಕಡೆಯ ಮನೆಗಳಲ್ಲಿ ಸಿಗುವ ಕುರಿಯ ಕಂಬಳಿಯೂ ಅಷ್ಟೇ, ಭಾರ ಮತ್ತು ಒರಟು. ಹಳೆಯ ತೆಳು ರಗ್ಗು ಹಾಕಬಹುದು, ಆದರೆ ಮುಂದೆ ಹೇಳುವ ಮೂರು ಭಾಗದ ವಿಧಾನದಲ್ಲಿ ಮಾತ್ರ.

ಮೆಷಿನ್ ಸಿದ್ಧ ಮಾಡುವುದು

ಸೂಜಿ ಹೊಸದಿರಲಿ. ಸೀರೆ ಪದರಗಳ ಅಥವಾ ತೆಳು ವ್ಯಾಡಿಂಗಿನ ಕೌದಿಗೆ 14ನೇ ನಂಬರ್, ಐದಾರು ಪದರ ಅಥವಾ ರಗ್ಗು ಇದ್ದರೆ 16. ಸೂಜಿಯ ಮೈಮೇಲೆ ಉದ್ದನೆಯ ಗೀರು ಯಾವ ಕಡೆ ಇದೆಯೋ ಆ ಕಡೆಯಿಂದಲೇ ದಾರ ಪೋಣಿಸಬೇಕು. ಸೂಜಿಯನ್ನು ಪೂರ್ತಿ ಮೇಲಕ್ಕೆ ಒತ್ತಿ ತಿರುಪು ಬಿಗಿಮಾಡಿ. ಒಂದು ಕೂದಲೆಳೆಯಷ್ಟು ಕೆಳಗೆ ಉಳಿದರೂ ಹೊಲಿಗೆ ಬಿಟ್ಟುಬಿಟ್ಟು ಬೀಳುತ್ತದೆ. ದೊಡ್ಡ ಕೌದಿಗೆ ಒಂದೇ ಸೂಜಿ ಸಾಲದು. ಎಂಟು ಗಂಟೆಯ ಹೊಲಿಗೆಗೊಮ್ಮೆ ಬದಲಾಯಿಸಿ. ಬಟ್ಟೆಗೆ ಇಳಿಯುವಾಗ ಟಕ್ ಟಕ್ ಎಂಬ ಸದ್ದು ಶುರುವಾದರೆ ಅಷ್ಟು ಹೊತ್ತೂ ಕಾಯಬೇಡಿ.

ದಾರ ಮೇಲೆ ಕೆಳಗೆ ಎರಡೂ ಒಂದೇ ಬಗೆಯದಿರಲಿ. ಲೆಕ್ಕ ಹೀಗಿದೆ: ಚೌಕಗಳ ಜೋಡುಗೆರೆಗಳ ಮೇಲೆ ಉದ್ದಕ್ಕೆ 9, ಅಡ್ಡಕ್ಕೆ 11 ಸಾಲು ಹಾಕಿ, ಆಮೇಲೆ ಪ್ರತಿ ಚೌಕದ ನಡುವೆ ಇನ್ನೊಂದೊಂದು ಸಾಲು ಎಳೆದರೆ ಸುಮಾರು 93 ಮೀಟರ್ ಹೊಲಿಗೆಯಾಗುತ್ತದೆ. ಒಂದು ಮೀಟರ್ ಹೊಲಿಗೆಗೆ ಮೇಲೆ ಕೆಳಗೆ ಸೇರಿ ಮೂರು ಮೀಟರ್ ದಾರ ಹಿಡಿಯಿರಿ. ಅಂದರೆ 280 ಮೀಟರ್, ಕೈತಪ್ಪಿಗೆ ಸೇರಿಸಿ 350. ನಾಲ್ಕೈದು ಬಾಬಿನ್ (ಕೆಳದಾರ ಸುತ್ತುವ ಸಣ್ಣ ಉರುಳೆ) ಮೊದಲೇ ತುಂಬಿಸಿಟ್ಟುಕೊಳ್ಳಿ. ಸಾಲಿನ ನಡುವೆ ಬಾಬಿನ್ ಮುಗಿದರೆ ಕೌದಿಯ ಭಾರವನ್ನೆಲ್ಲ ಎತ್ತಿ ಸರಿಸಿ ಮತ್ತೆ ಕೂರಿಸಬೇಕು, ಅದೇ ದೊಡ್ಡ ಕೆಲಸ.

ಹೊಲಿಗೆಯ ಉದ್ದ ಇಂಚಿಗೆ 8ರಿಂದ 10. ಅದಕ್ಕಿಂತ ಸಣ್ಣ ಹೊಲಿಗೆ ಕೌದಿಯನ್ನು ಬಿರುಸು ಮಾಡುತ್ತದೆ, ಬಿಚ್ಚುವ ಹೊತ್ತಿಗೆ ಕಣ್ಣೂ ಹೋಗುತ್ತದೆ. ಫೂಟಿನ ಒತ್ತಡದ ತಿರುಪು ಮೆಷಿನ್ನಿನ ತಲೆಯ ಎಡತುದಿಯಲ್ಲಿ ಇರುತ್ತದೆ. ಅದನ್ನು ಒಂದೆರಡು ಸುತ್ತು ಸಡಿಲಿಸಿ. ಬಿಗಿ ಒತ್ತಡದಲ್ಲಿ ಕೆಳಗಿನ ಪದರವನ್ನು ಹಲ್ಲು ಮುಂದಕ್ಕೆ ಎಳೆಯುತ್ತದೆ, ಮೇಲಿನದನ್ನು ಫೂಟು ಹಿಂದಕ್ಕೆ ತಡೆಯುತ್ತದೆ. ಸಾಲಿನ ಕೊನೆಗೆ ಬಂದಾಗ ಮೇಲ್ಬಟ್ಟೆ ಒಂದು ಇಂಚು ಉಳಿದುಬಿಟ್ಟಿರುತ್ತದೆ.

ಈ ಜಗಳವನ್ನು ಪೂರ್ತಿ ನಿಲ್ಲಿಸಲು ಇರುವುದು ವಾಕಿಂಗ್ ಫೂಟ್. ಅದರ ಅಡಿಯಲ್ಲೂ ಹಲ್ಲುಗಳಿದ್ದು, ಮೇಲ್ಬಟ್ಟೆಯನ್ನೂ ಅಡಿಬಟ್ಟೆಯ ಜೊತೆಗೇ ಸರಿಸುತ್ತವೆ. ಅದರ ಪಕ್ಕದ ಕವಲು ಸೂಜಿಯ ತಿರುಪಿನ ಮೇಲೆ ಕೂರಬೇಕು, ಇಲ್ಲವಾದರೆ ಅದು ನಡೆಯುವುದೇ ಇಲ್ಲ. ಕೊಳ್ಳುವಾಗ ನಿಮ್ಮ ಹಳೆಯ ಫೂಟನ್ನು ಬಿಚ್ಚಿಕೊಂಡು ಹೋಗಿ, ದಂಡಿನ ಎತ್ತರ ಹೋಲಿಸಿ. ನೇರ ಹೊಲಿಗೆ ಮಾತ್ರ ಹಾಕುವ ಕಪ್ಪು ಮೆಷಿನ್ನಿನ ಹಲ್ಲುಸಾಲು ಕಿರಿದು. ವಾಕಿಂಗ್ ಫೂಟಿನ ಹಲ್ಲುಗಳು ಅದರ ಹೊರಗೆ ಬಿದ್ದರೆ ಪ್ರಯೋಜನವಿಲ್ಲ. ಹೊಂದದಿದ್ದರೆ ಮಾಮೂಲಿ ಫೂಟಿನಲ್ಲೇ, ಒತ್ತಡ ಸಡಿಲಿಸಿ, ಕಚ್ಚಾ ಹೊಲಿಗೆಯನ್ನು (ಪದರಗಳನ್ನು ತಾತ್ಕಾಲಿಕವಾಗಿ ಹಿಡಿಸುವ ಕೈಹೊಲಿಗೆ) ಒತ್ತೊತ್ತಾಗಿ ಹಾಕಿ ಹೊಲಿಯಬಹುದು. ಸೀರೆ ಪದರದ ಕೌದಿಗೆ ಅಷ್ಟು ಸಾಕು.

ಟೆನ್ಷನ್ (ದಾರದ ಬಿಗಿ) ನೋಡಲು ಅದೇ ಮೂರು ಪದರದ ಒಂದು ಅಡಿ ಚೂರು ಮಾಡಿ ಹೊಲಿಯಿರಿ. ಮೊದಲು ಬಾಬಿನ್ ಕೇಸನ್ನು ದಾರದ ತುದಿಯಿಂದ ನೇತುಹಿಡಿಯಿರಿ, ಮಣಿಕಟ್ಟನ್ನು ಸಣ್ಣಗೆ ಜಗ್ಗಿ. ಒಂದೆರಡು ಇಂಚು ಜಾರಿ ನಿಂತರೆ ಸರಿ. ಸರ್ರನೆ ಕೆಳಗಿಳಿದರೆ ಸಡಿಲ, ಕದಲದಿದ್ದರೆ ಬಿಗಿ. ಕೇಸಿನ ಸಣ್ಣ ತಿರುಪನ್ನು ಗಡಿಯಾರದ ಮುಳ್ಳಿನ ಐದು ನಿಮಿಷದಷ್ಟು ಮಾತ್ರ ತಿರುಗಿಸಿ. ಉಳಿದ ಹೊಂದಾಣಿಕೆಯನ್ನು ಮೇಲಿನ ಟೆನ್ಷನ್‌ನಲ್ಲೇ ಮಾಡಿ.

ಕೌದಿಯ ಭಾರ ಹೊರುವುದು ಮೇಜು

ಹೊಲಿಯುವಾಗ ಕೌದಿಯ ಯಾವ ಭಾಗವೂ ನೇತಾಡಬಾರದು. ನೇತಾಡುವ ಭಾಗ ಬಟ್ಟೆಯನ್ನು ಎಳೆಯುತ್ತದೆ, ಬಟ್ಟೆ ಸೂಜಿಯನ್ನು ಬಾಗಿಸುತ್ತದೆ, ಬಾಗಿದ ಸೂಜಿ ಪ್ಲೇಟಿಗೆ ಬಡಿದು ಮುರಿಯುತ್ತದೆ. ಮುರಿಯದಿದ್ದರೂ ಎಳೆತ ಇದ್ದಲ್ಲಿ ಹೊಲಿಗೆ ಸಣ್ಣದಾಗಿ, ಇಲ್ಲದಲ್ಲಿ ಉದ್ದವಾಗಿ ಬೀಳುತ್ತದೆ.

ತುಳಿಯುವ ಮೆಷಿನ್ನಿಗೆ ಇಲ್ಲಿ ಒಂದು ಅನುಕೂಲವಿದೆ. ಅದರ ತಲೆ ಮರದ ಹಲಗೆಯೊಳಗೆ ಇಳಿದು ಕೂತಿರುವುದರಿಂದ ಹೊಲಿಗೆಯ ಮಟ್ಟ ಮತ್ತು ಮೇಜಿನ ಮಟ್ಟ ಒಂದೇ. ಕರೆಂಟು ಹೋದರೂ ಕೆಲಸ ನಿಲ್ಲುವುದಿಲ್ಲ. ಕೈಯಿಂದ ಚಕ್ರ ತಿರುಗಿಸುವ ಮೆಷಿನ್ ಬೇಡ, ಕೌದಿಗೆ ಎರಡು ಕೈಯೂ ಬೇಕು. ಮೇಜಿನ ಮೇಲಿಡುವ ಮೆಷಿನ್ ಆದರೆ ಅದರ ತಳದ ಎತ್ತರಕ್ಕೆ ಸಮನಾಗಿ ಎಡಗಡೆ ಥರ್ಮೋಕೋಲ್ ಹಲಗೆ ಅಥವಾ ಹಳೆಯ ಪುಸ್ತಕಗಳ ಸಾಲು ಜೋಡಿಸಿ, ಮೇಲೆ ನುಣುಪಾದ ಪ್ಲಾಸ್ಟಿಕ್ ಹಾಳೆ ಹಾಸಿ.

ಮೆಷಿನ್ನಿನ ಹಿಂಬದಿಯನ್ನು ಗೋಡೆಗೆ ಒತ್ತಿಸಿ, ಕೌದಿ ಹಿಂದಕ್ಕೆ ಜಾರಿ ಬೀಳುವುದು ತಪ್ಪುತ್ತದೆ. ಎಡಗಡೆ ಇನ್ನೊಂದು ಮೇಜು ಇಡಿ. ಇಲ್ಲದಿದ್ದರೆ ಇಸ್ತ್ರಿ ಮೇಜು, ಅದೂ ಇಲ್ಲದಿದ್ದರೆ ಎರಡು ಕುರ್ಚಿಯ ಬೆನ್ನಿನ ಮೇಲೆ ಹಲಗೆ. ಮುಂದಿನ ಭಾಗ ನಿಮ್ಮ ತೊಡೆಯ ಮೇಲೆ, ಉದ್ದವಾದರೆ ಎಡಹೆಗಲ ಮೇಲೆ. ತುಳಿಯುವ ಮೆಷಿನ್ನಿನಲ್ಲಿ ತೊಡೆಯಿಂದ ಜಾರಿದ ಮೂಲೆ ಕೆಳಗಿನ ದೊಡ್ಡ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಸಿಕ್ಕರೆ ಬೆಲ್ಟ್ ಕಳಚುತ್ತದೆ, ಕೌದಿಗೆ ಎಣ್ಣೆಯ ಕಲೆಯಾಗುತ್ತದೆ.

ಮೂರು ಪದರ ಹಿಡಿದು ನಿಲ್ಲಿಸುವುದು

ಈ ಹಂತದಲ್ಲಿ ಆತುರಪಟ್ಟರೆ ಮುಂದಿನ ಎಲ್ಲ ಹಂತದಲ್ಲೂ ಅನುಭವಿಸಬೇಕಾಗುತ್ತದೆ. ಹಜಾರದ ಮೊಸಾಯಿಕ್ ಅಥವಾ ಕೆಂಪು ಗಾರೆ ನೆಲವನ್ನು ಒರೆಸಿ ಒಣಗಿಸಿ. ಅಡಿಬಟ್ಟೆಯನ್ನು ಒಳಮೈ ಮೇಲಾಗಿ ಹಾಸಿ. ಮೊದಲು ಒಂದು ಬದಿಯ ನಡುವೆ, ಆಮೇಲೆ ಎದುರು ಬದಿಯ ನಡುವೆ, ಹೀಗೆ ನಾಲ್ಕೂ ಬದಿಗೆ ಕಂದು ಬಣ್ಣದ ಪ್ಯಾಕಿಂಗ್ ಟೇಪ್ ಅಂಟಿಸುತ್ತಾ ಮೂಲೆಗಳ ಕಡೆ ಹೋಗಿ. ಬಟ್ಟೆ ಸಾಪಾಟಾಗಿ ನಿಲ್ಲಬೇಕು. ತಮಟೆಯಂತೆ ಬಿಗಿದರೆ ಟೇಪ್ ಬಿಚ್ಚಿದ ಕೂಡಲೇ ಕುಗ್ಗಿ ಮೇಲ್ಬಟ್ಟೆಯೆಲ್ಲ ಗುಳ್ಳೆಯಾಗುತ್ತದೆ. ಒಳಪದರವನ್ನು ನಡುವಿನಿಂದ ಹೊರಗೆ ಅಂಗೈಯಲ್ಲಿ ಸವರುತ್ತಾ ಹಾಸಿ. ಮೇಲ್ಬಟ್ಟೆಯನ್ನು ಉದ್ದಕ್ಕೊಮ್ಮೆ ಅಡ್ಡಕ್ಕೊಮ್ಮೆ ಮಡಚಿ, ನಡುಬಿಂದು ಹೊಂದಿಸಿ ಬಿಚ್ಚಿ. ಅಡಿಬಟ್ಟೆಯ ಜೋಡು ಹೊಲಿಗೆ ಮೇಲಿನ ನಡುಗೆರೆಯ ನೇರಕ್ಕೆ ಬೀಳದಂತೆ ಒಂದೆರಡು ಇಂಚು ಸರಿಸಿದರೆ ಒಳ್ಳೆಯದು.

ಸೇಫ್ಟಿ ಪಿನ್ನು ಹಾಕುವುದಾದರೆ ನಾಲ್ಕು ಇಂಚಿಗೊಂದು, ಅಂದರೆ ಮುಷ್ಟಿ ಎಲ್ಲಿಟ್ಟರೂ ಅದರ ಅಂಚಿಗೆ ಒಂದು ಪಿನ್ನು ತಗಲಬೇಕು. 80×96 ಇಂಚಿಗೆ 480 ಪಿನ್ನು ಬೇಕು. ಸೂಜಿ ಓಡುವ ಗೆರೆಯ ಮೇಲೆ ಹಾಕಬೇಡಿ, ಎರಡು ಇಂಚು ಪಕ್ಕಕ್ಕೆ ಹಾಕಿ. ಅಷ್ಟು ಪಿನ್ನು ಇಲ್ಲದವರಿಗೆ ಕಚ್ಚಾ ಹೊಲಿಗೆ. ಉದ್ದನೆಯ ಸೂಜಿಯಲ್ಲಿ ಬಿಳಿ ದಾರ ಪೋಣಿಸಿ, ನಡುವಿನಿಂದ ಶುರು ಮಾಡಿ, ಎರಡು ಇಂಚಿನ ಉದ್ದ ಹೊಲಿಗೆಯಲ್ಲಿ ನಾಲ್ಕು ಇಂಚಿಗೊಂದು ಸಾಲು ಉದ್ದಕ್ಕೂ ಅಡ್ಡಕ್ಕೂ ಹಾಕಿ. ಹೊತ್ತು ಹೆಚ್ಚು ಹಿಡಿಯುತ್ತದೆ, ಆದರೆ ಪಿನ್ನಿನ ಭಾರ ಇರುವುದಿಲ್ಲ, ಸುರುಳಿಯೂ ಸಣ್ಣದಾಗುತ್ತದೆ. ದೊಡ್ಡ ಕೌದಿಗೆ ಕಚ್ಚಾ ಹೊಲಿಗೆಯೇ ವಾಸಿ ಎಂಬುದು ನಮ್ಮ ಅಭಿಪ್ರಾಯ. ಟೇಪ್ ತೆಗೆದ ಮೇಲೆ ತಿರುಗಿಸಿ ಹಿಂಭಾಗ ನೋಡಿ. ಈಗ ಕಂಡ ನೆರಿಗೆಯನ್ನು ಬಿಚ್ಚಿ ಸರಿಮಾಡಿ, ಮೆಷಿನ್ ಅದನ್ನು ಸರಿ ಮಾಡುವುದಿಲ್ಲ.

ನಡುಸಾಲುಗಳ ಗುರುತಿಗೆ ಟೈಲರ್ ಚಾಕ್ ಅಥವಾ ಸವೆದ ಸೋಪಿನ ಬಿಲ್ಲೆ ಸಾಕು. 96 ಇಂಚಿನ ನೇರ ಗೆರೆಗೆ ಗಾರೆಯವರ ಉಪಾಯ ಒಳ್ಳೆಯದು: ದಾರಕ್ಕೆ ಚಾಕ್‌ಪುಡಿ ಸವರಿ, ಇಬ್ಬರು ಎರಡು ತುದಿ ಬಿಗಿಹಿಡಿದು, ನಡುವೆ ಎತ್ತಿ ಬಿಟ್ಟರೆ ಒಂದೇ ಏಟಿಗೆ ನೇರ ಗೆರೆ. ಬಾಲ್‌ಪೆನ್ ಮಾತ್ರ ಬೇಡ.

ಹೊಲಿಯುವ ಕ್ರಮ

ಎರಡು ಬದಿಯನ್ನೂ ನಡುಗೆರೆಯ ಕಡೆ ಸುತ್ತಿ, ನಡುವೆ ಒಂದು ಅಡಿ ಅಗಲ ಬಿಟ್ಟು, ಬಟ್ಟೆ ಒಣಹಾಕುವ ಕ್ಲಿಪ್ಪುಗಳಿಂದ ಸುರುಳಿ ಹಿಡಿಸಿ. ಬಲಗಡೆಯ ಸುರುಳಿ ತೋಳಿನ ಕೆಳಗೆ, ಎಡಗಡೆಯದು ಪಕ್ಕದ ಮೇಜಿನ ಮೇಲೆ.

ಮೇಲಿನ ಅಂಚಿನಲ್ಲಿ ಸೂಜಿಯನ್ನು ಒಮ್ಮೆ ಇಳಿಸಿ ಎತ್ತಿ, ಬಾಬಿನ್ ದಾರವನ್ನು ಮೇಲಕ್ಕೆ ಎಳೆದುಕೊಳ್ಳಿ. ಎರಡೂ ದಾರವನ್ನು ಹಿಡಿದುಕೊಂಡು ಮೊದಲ ಅರ್ಧ ಇಂಚನ್ನು ಸಣ್ಣ ಹೊಲಿಗೆಯಲ್ಲಿ ಹೊಲಿದು, ಆಮೇಲೆ ಮಾಮೂಲಿ ಉದ್ದಕ್ಕೆ ಬನ್ನಿ. ರಿವರ್ಸ್ ಹೊಲಿಗೆ ಇಲ್ಲಿ ಗಂಟಿನಂತೆ ಕಾಣುತ್ತದೆ.

ಮೊದಲ ಸಾಲು ಉದ್ದದ ನಡುಗೆರೆ. ಆಮೇಲೆ ಅದರ ಬಲಕ್ಕೆ ಇರುವ ಸಾಲುಗಳನ್ನು ಒಂದೊಂದಾಗಿ ಅಂಚಿನ ಕಡೆಗೆ. ಸಾಲು ಮುಂದೆ ಹೋದಂತೆ ತೋಳಿನ ಕೆಳಗಿನ ಸುರುಳಿ ಸಣ್ಣದಾಗುತ್ತಾ ಹೋಗುತ್ತದೆ. ಮೊದಲ ಸಾಲೇ ಅತಿ ಕಷ್ಟದ್ದು. ಬಲಭಾಗ ಮುಗಿದ ಮೇಲೆ ಎಡಭಾಗದ ಸಾಲುಗಳು. ಕೌದಿಯನ್ನು ತಿರುಗಿಸಿಕೊಂಡರೆ ಎಡಭಾಗವೂ ಬಲಕ್ಕೆ ಬಂದು ಸುರುಳಿ ಸಣ್ಣದಾಗುತ್ತದೆ, ಆದರೆ ಆಗ ಹೊಲಿಗೆ ಕೆಳಗಿನಿಂದ ಮೇಲಕ್ಕೆ ಓಡುತ್ತದೆ. ನಡುಗೆರೆಯ ಎರಡು ಪಕ್ಕಕ್ಕೆ ಹೀಗೆ ಬೇರೆ ಬೇರೆ ದಿಕ್ಕು ಇರಬಹುದು, ತೊಂದರೆ ಇಲ್ಲ. ಒಂದು ಸಾಲು ಮೇಲಿನಿಂದ, ಅದರ ಪಕ್ಕದ್ದು ಕೆಳಗಿನಿಂದ, ಮತ್ತೆ ಮೇಲಿನಿಂದ ಎಂದು ಅಂಕುಡೊಂಕು ಹೊಲಿದರೆ ಮಾತ್ರ ಎರಡು ಸಾಲಿನ ನಡುವೆ ಬಟ್ಟೆ ತಿರುಚಿಕೊಂಡು ಓರೆಓರೆ ಸುಕ್ಕು ಬೀಳುತ್ತದೆ. ಒಂದು ಪಕ್ಕದ ಎಲ್ಲ ಸಾಲೂ ಒಂದೇ ದಿಕ್ಕಿಗೆ ಇರಲಿ.

ಉದ್ದದ ಒಂಬತ್ತು ಸಾಲು ಮುಗಿದ ಮೇಲೆ ಅಡ್ಡದ ನಡುಗೆರೆ, ಅಲ್ಲಿಂದ ಎರಡೂ ಕಡೆಗೆ. ಈ ಇಪ್ಪತ್ತು ಸಾಲು ಬಿದ್ದರೆ ಕೌದಿ ನಿಂತಂತೆ, ಪದರ ಇನ್ನು ಕದಲುವುದಿಲ್ಲ. ಚೌಕಗಳ ನಡುಸಾಲುಗಳನ್ನು ಆಮೇಲೆ ನಿಧಾನವಾಗಿ ಹಾಕಿ. ವ್ಯಾಡಿಂಗ್ ಹಾಕಿದ ಕೌದಿಯಲ್ಲಿ ಹೊಲಿಗೆಯಿಲ್ಲದ ಜಾಗ ನಾಲ್ಕು ಇಂಚಿಗಿಂತ ಹೆಚ್ಚು ಬಿಡಬೇಡಿ.

ಹೊಲಿಯುವಾಗ ನೋಡಿಕೊಳ್ಳಬೇಕಾದದ್ದು ಸೂಜಿಯ ಸುತ್ತ ಎಂಟು ಇಂಚು ಮಾತ್ರ. ಎರಡು ಅಂಗೈಯನ್ನು ಸೂಜಿಯ ಎರಡು ಪಕ್ಕಕ್ಕೆ ಚಪ್ಪಟೆಯಾಗಿ ಇಟ್ಟು, ಅಷ್ಟು ಜಾಗವನ್ನು ಸಡಿಲವಾಗಿ ಹಿಡಿಯಿರಿ. ಅಷ್ಟು ಹೊಲಿದು, ಸೂಜಿ ಬಟ್ಟೆಯೊಳಗೆ ಇಳಿದಿರುವಾಗ ನಿಲ್ಲಿಸಿ. ಮುಂದಿನ ಭಾಗವನ್ನು ತೊಡೆಯಿಂದ ಎತ್ತಿ ಮೇಜಿನ ಮೇಲೆ ಗುಡ್ಡೆ ಮಾಡಿಕೊಂಡು ಮತ್ತೆ ಎಂಟು ಇಂಚು. ಬೆರಳು ಜಾರಿದರೆ ನೋಟು ಎಣಿಸುವವರ ರಬ್ಬರ್ ಟೋಪಿಯನ್ನು ಎರಡು ಬೆರಳಿಗೆ ಹಾಕಿಕೊಳ್ಳಿ. ಹಿಂದಿನಿಂದ ಎಳೆಯುವುದು ಬೇಡವೇ ಬೇಡ.

ಬಾಬಿನ್ ಬದಲಿಸುವಾಗಲೆಲ್ಲ ಹಲ್ಲಿನ ಸಂದಿಯ ಧೂಳನ್ನು ಬ್ರಷ್ಷಿನಿಂದ ತೆಗೆಯಿರಿ. ಹಳೆಯ ಸೀರೆಯ ನವಿರು ಅಲ್ಲಿ ಬೇಗ ತುಂಬುತ್ತದೆ. ದಿನಕ್ಕೊಮ್ಮೆ ಒಂದು ಹನಿ ಮೆಷಿನ್ ಎಣ್ಣೆ ಬಿಟ್ಟು, ಬೇರೆ ಚಿಂದಿಯ ಮೇಲೆ ಎರಡು ಅಡಿ ಹೊಲಿದ ಮೇಲೆಯೇ ಕೌದಿಗೆ ಬನ್ನಿ.

ಬಳ್ಳಿ, ಸುರುಳಿಗಳನ್ನು ಹೊಲಿಯಬೇಕೆಂದರೆ

ನೇರ ಸಾಲು ಬೇಡ, ಬಳ್ಳಿ ಬೇಕು ಎಂದರೆ ಹಲ್ಲನ್ನು ಕೆಲಸದಿಂದ ತೆಗೆಯಬೇಕು. ಹಲ್ಲು ಇಳಿಸುವ ಗುಂಡಿ ಇದ್ದರೆ ಇಳಿಸಿ, ಇಲ್ಲದಿದ್ದರೆ ಎಂಬ್ರಾಯ್ಡರಿಯವರು ಬಳಸುವ ಪ್ಲೇಟನ್ನು ಹಲ್ಲಿನ ಮೇಲೆ ಕೂರಿಸಿ. ಮಾಮೂಲಿ ಫೂಟಿನ ಬದಲು ಸ್ಪ್ರಿಂಗ್ ಇರುವ ಡಾರ್ನಿಂಗ್ ಫೂಟ್ ಹಾಕಿ. ಫೂಟ್ ಇಲ್ಲದೆ ಎಂಬ್ರಾಯ್ಡರಿ ಮಾಡಿದ ಅಭ್ಯಾಸವನ್ನು ಕೌದಿಗೆ ತರಬೇಡಿ. ಅಲ್ಲಿ ಬಟ್ಟೆ ರಿಂಗಿನಲ್ಲಿ ಬಿಗಿದಿರುತ್ತದೆ, ಇಲ್ಲಿ ಸೂಜಿಯ ಜೊತೆಗೇ ಮೇಲೆದ್ದು ಹೊಲಿಗೆ ತಪ್ಪಿಸುತ್ತದೆ, ಬೆರಳಿಗೂ ಅಪಾಯ. ಫೂಟ್ ಇಳಿಸಿದ್ದೀರಾ ಎಂದು ಪ್ರತಿ ಸಲ ನೋಡಿ. ಡಾರ್ನಿಂಗ್ ಫೂಟ್ ಇಳಿದರೂ ಬಟ್ಟೆಯಿಂದ ತುಸು ಮೇಲೆಯೇ ನಿಲ್ಲುವುದರಿಂದ ಮರೆತುಹೋಗುತ್ತದೆ. ಲಿವರ್ ಇಳಿಯದೆ ಮೇಲಿನ ಟೆನ್ಷನ್ ಹಿಡಿಯುವುದಿಲ್ಲ, ಎರಡೇ ನಿಮಿಷದಲ್ಲಿ ಅಡಿಯಲ್ಲಿ ದಾರದ ಗೂಡು ಕಟ್ಟುತ್ತದೆ.

ಇಲ್ಲಿ ಹೊಲಿಗೆಯ ಉದ್ದ ನಿಮ್ಮ ಕೈಯಲ್ಲಿದೆ. ಕಾಲು ಒಂದೇ ವೇಗದಲ್ಲಿ ತುಳಿಯಲಿ, ಕೈ ನಿಧಾನವಾಗಿ ಸಾಗಲಿ. ತಿರುವಿನಲ್ಲಿ ಕೈ ಚುರುಕಾಗುವುದು ಎಲ್ಲರಿಗೂ ಆಗುವ ತಪ್ಪು, ಅಲ್ಲೇ ಹೊಲಿಗೆ ಉದ್ದವಾಗಿ ದಾರ ಅಡಿಯಲ್ಲಿ ಗೆರೆ ಎಳೆದಂತೆ ಮಲಗುತ್ತದೆ. ಒಂದು ಅಡಿ ಚೌಕದ ಹತ್ತಾರು ಚೂರುಗಳ ಮೇಲೆ ಕೈ ಕೂರಿಸಿಕೊಂಡ ಮೇಲೆ ಕೌದಿಗೆ ಇಳಿಯಿರಿ. ಎಳೆ ರಂಗೋಲಿ ಬಿಡಿಸಲು ಬರುವವರಿಗೆ ವಿನ್ಯಾಸದ ಚಿಂತೆ ಇಲ್ಲ: ಕೈ ಎತ್ತದೆ ಹೊರಟಲ್ಲಿಗೇ ಬಂದು ಸೇರುವ ಎಳೆ ಇದಕ್ಕೆ ಸರಿಯಾಗಿ ಒಪ್ಪುತ್ತದೆ, ಒಂದು ಚೌಕಕ್ಕೆ ದಾರ ಒಮ್ಮೆ ಮಾತ್ರ ಕತ್ತರಿಸಿದರಾಯಿತು. ಬಳ್ಳಿ ಹೊಲಿಯುವಾಗ ಕೌದಿಯನ್ನು ಸುತ್ತಬೇಡಿ. ಸುರುಳಿ ದಿಮ್ಮಿಯಂತೆ ಗಟ್ಟಿಯಾಗಿ ತಿರುಗಿಸಲು ಬರುವುದಿಲ್ಲ. ಸುಮ್ಮನೆ ನೆರಿಗೆ ನೆರಿಗೆಯಾಗಿ ಮಡಚಿ ತೋಳಿನ ಕೆಳಗೆ ತಳ್ಳಿ. ಮೊದಲ ಇಪ್ಪತ್ತು ನೇರ ಸಾಲುಗಳನ್ನು ಮಾತ್ರ ಬಿಡಬೇಡಿ, ಬಳ್ಳಿ ಏನಿದ್ದರೂ ಅದರ ಆಮೇಲೆ.

ದಪ್ಪ ಕೌದಿ: ಒಳಪದರವನ್ನು ಮೂರು ಭಾಗ ಮಾಡುವುದು

ರಗ್ಗು ಅಥವಾ 200 ಜಿಎಸ್‌ಎಂಗಿಂತ ದಪ್ಪದ ವ್ಯಾಡಿಂಗ್ ಹಾಕಲೇಬೇಕೆಂದರೆ ಅದನ್ನು 84 ಇಂಚು ಅಗಲಕ್ಕೆ ತೆಗೆದುಕೊಂಡು 28 ಇಂಚಿನ ಮೂರು ಪಟ್ಟಿ ಮಾಡಿ. ಕತ್ತರಿಸುವಾಗ ನೇರ ಗೆರೆ ಬೇಡ, ಅಲೆಅಲೆಯಾಗಿ ಕತ್ತರಿಸಿ; ನೇರ ಜೋಡಣೆ ಮೇಲಿನಿಂದ ಗೆರೆಯಾಗಿ ಕಾಣುತ್ತದೆ. ಯಾವುದು ಯಾವುದಕ್ಕೆ ಎಂದು ಗುರುತು ಹಾಕಿಡಿ. ಮೇಲ್ಬಟ್ಟೆ ಮತ್ತು ಅಡಿಬಟ್ಟೆ ಇಡಿಯಾಗಿಯೇ ಇರುತ್ತವೆ.

ನಡುಪಟ್ಟಿ ಮಾತ್ರ ಇಟ್ಟು ಕಚ್ಚಾ ಹೊಲಿಗೆ ಹಾಕಿ, ಪಟ್ಟಿಯ ಎರಡೂ ಅಂಚಿನಿಂದ ಎರಡು ಇಂಚು ಬಿಟ್ಟು ಉಳಿದ ನಡುಭಾಗವನ್ನು ಪೂರ್ತಿ ಹೊಲಿಯಿರಿ. ಆ ಹೊತ್ತಿನಲ್ಲಿ ತೋಳಿನ ಕೆಳಗೆ ಹೋಗುವುದು ಬಹುಪಾಲು ಬರೀ ಎರಡು ಬಟ್ಟೆ, ದಪ್ಪವೇ ಇಲ್ಲ. ಮುಗಿದ ಮೇಲೆ ಮೇಲ್ಬಟ್ಟೆ ಮಡಚಿ, ಬಲಪಟ್ಟಿಯನ್ನು ನಡುಪಟ್ಟಿಯ ಅಲೆಗೆ ತಾಗಿಸಿ ಕೈಯಲ್ಲಿ ಅಡ್ಡಹೊಲಿಗೆ ಹಾಕಿ, ಮೇಲ್ಬಟ್ಟೆ ಸವರಿ, ಕಚ್ಚಾ ಹಾಕಿ ಹೊಲಿಯಿರಿ. ಎಡಕ್ಕೂ ಹಾಗೆಯೇ. ಅಡ್ಡಸಾಲುಗಳನ್ನು ಮಾತ್ರ ಮೂರೂ ಪಟ್ಟಿ ಸೇರಿದ ಮೇಲೆ ಹಾಕಬೇಕಾಗುವುದರಿಂದ, ಈ ಬಗೆಯ ಕೌದಿಗೆ ಉದ್ದಸಾಲುಗಳ ವಿನ್ಯಾಸವನ್ನೇ ಆರಿಸಿಕೊಳ್ಳುವುದು ಜಾಣತನ.

ಏನೇನು ಕೆಡುತ್ತದೆ

ಮೇಲ್ಭಾಗದಲ್ಲಿ ಬಾಬಿನ್ ದಾರದ ಚುಕ್ಕೆ ಕಂಡರೆ ಮೇಲಿನ ಟೆನ್ಷನ್ ಬಿಗಿ, ಅರ್ಧ ಸುತ್ತು ಸಡಿಲಿಸಿ. ಅಡಿಯಲ್ಲಿ ಕುಣಿಕೆ ಬಿದ್ದರೆ ತಿರುಪಿಗೆ ಕೈ ಹಾಕುವ ಮುನ್ನ ಮೇಲಿನ ದಾರವನ್ನು ಪೂರ್ತಿ ತೆಗೆದು, ಫೂಟ್ ಎತ್ತಿಕೊಂಡು ಮತ್ತೆ ಪೋಣಿಸಿ. ಬಹಳ ಸಲ ದಾರ ಟೆನ್ಷನ್ ಬಿಲ್ಲೆಗಳ ನಡುವೆ ಕೂತೇ ಇರುವುದಿಲ್ಲ. ದಾರ ಪದೇ ಪದೇ ಕಡಿದರೆ ಪ್ಲೇಟಿನ ಸೂಜಿತೂತನ್ನು ಉಗುರಿನಿಂದ ಸವರಿ ನೋಡಿ. ಮುರಿದ ಸೂಜಿಗಳ ಏಟಿಗೆ ಅಲ್ಲಿ ಗೀರು ಬಿದ್ದು ಮುಳ್ಳಿನಂತೆ ಎದ್ದಿರುತ್ತದೆ. ಸಣ್ಣ ಮರಳು ಕಾಗದ ಸುತ್ತಿದ ಕಡ್ಡಿಯಿಂದ ನಯ ಮಾಡಬಹುದು, ಇಲ್ಲವೇ ಪ್ಲೇಟ್ ಬದಲಿಸಿ.

ಹಿಂಭಾಗದಲ್ಲಿ ನೆರಿಗೆ ಸಿಕ್ಕಿ ಹೊಲಿದುಹೋಗಿದ್ದರೆ ಅದರ ಎರಡೂ ಕಡೆ ಆರಾರು ಇಂಚು ಬಿಚ್ಚಿ. ಬಿಚ್ಚುವುದು ಹೀಗೆ: ಅಡಿಯಲ್ಲಿ ಪ್ರತಿ ನಾಲ್ಕನೇ ಹೊಲಿಗೆಯನ್ನು ಕತ್ತರಿಸಿ, ಮೇಲಿನಿಂದ ದಾರವನ್ನು ಒಂದೇ ಎಳೆಗೆ ಎಳೆದುಬಿಡಿ. ಹೆಚ್ಚಾದ ಬಟ್ಟೆಯನ್ನು ಆ ಒಂದು ಅಡಿಯಲ್ಲಿ ಹಂಚಿ ಪಿನ್ನು ಹಾಕಿ ಹೊಲಿದರೆ ಕಾಣುವುದಿಲ್ಲ. ವ್ಯಾಡಿಂಗಿನ ನಾರು ಸೂಜಿತೂತಿನಿಂದ ಹೊರಗೆ ಮೀಸೆಯಂತೆ ಬಂದರೆ ಅದಕ್ಕೆ ಆಮೇಲೆ ಮದ್ದಿಲ್ಲ. ಸಾಂದ್ರ ನೇಯ್ಗೆಯ ಬಟ್ಟೆ, ಸಣ್ಣ ಸೂಜಿ, ಮತ್ತು ಕಪ್ಪು ಬಟ್ಟೆಯ ಕೆಳಗೆ ಬಿಳಿ ವ್ಯಾಡಿಂಗ್ ಹಾಕದಿರುವುದು, ಇಷ್ಟೇ ಉಪಾಯ.

ಅಂಚುಪಟ್ಟಿ, ಒಗೆತ

ಅಂಚಿನಿಂದ ಒಂದು ನೂಲು (ಇಂಚಿನ ಎಂಟನೇ ಒಂದು ಭಾಗ) ಒಳಗೆ ಸುತ್ತಲೂ ಒಂದು ಹೊಲಿಗೆ ಹಾಕಿ ಹೆಚ್ಚಿನ ಬಟ್ಟೆ ಕತ್ತರಿಸಿ. ಮೂಲೆಗಳು ಮಟ್ಟಸವಾಗಿವೆಯೇ ಎಂದು ತಿಳಿಯಲು ಕರ್ಣದ ಎರಡು ಅಳತೆ ಹೋಲಿಸಿ. ಸುತ್ತಳತೆ 352 ಇಂಚು. ಎರಡೂವರೆ ಇಂಚು ಅಗಲದ ಒಂಬತ್ತು ಪಟ್ಟಿ, ಅಂದರೆ ಅರ್ಧ ಮೀಟರ್‌ಗಿಂತ ಸ್ವಲ್ಪ ಹೆಚ್ಚು ಬಟ್ಟೆ ಸಾಕು. ಪಟ್ಟಿಗಳನ್ನು ಓರೆಗೆ ಜೋಡಿಸಿ, ಉದ್ದಕ್ಕೆ ಅರ್ಧ ಮಡಚಿ ಇಸ್ತ್ರಿ ಮಾಡಿ, ಕೌದಿಯ ಮೇಲ್ಭಾಗದ ಅಂಚಿಗೆ ಬಿಚ್ಚು ಬದಿ ಸೇರಿಸಿ ಕಾಲು ಇಂಚಿನಲ್ಲಿ ಹೊಲಿಯಿರಿ. ಮೂಲೆಗೆ ಕಾಲು ಇಂಚು ಉಳಿದಾಗ ನಿಲ್ಲಿಸಿ ದಾರ ಕತ್ತರಿಸಿ. ಪಟ್ಟಿಯನ್ನು ಓರೆಯಾಗಿ ಮೇಲಕ್ಕೆ ಮಡಚಿ, ಹಾಗೆಯೇ ಮುಂದಿನ ಬದಿಗೆ ನೇರ ಕೆಳಗಿಳಿಸಿ, ಅಂಚಿನಿಂದಲೇ ಮತ್ತೆ ಶುರು ಮಾಡಿ. ಹಿಂದಕ್ಕೆ ತಿರುಗಿಸಿ ಕೈಯಲ್ಲಿ ಹೆಮ್ಮಿಂಗ್ ಹಾಕಿದರೆ ಮೂಲೆ ತಾನಾಗಿ ಚೂಪಾಗಿ ಕೂರುತ್ತದೆ.

ಮೊದಲ ಒಗೆತಕ್ಕೆ ತಣ್ಣೀರು. ಕೋಲಾರ, ಚಿಕ್ಕಬಳ್ಳಾಪುರದ ಬೋರ್‌ವೆಲ್ ನೀರು ಗಡಸಾದ್ದರಿಂದ ಸೋಪು ಪೂರ್ತಿ ಬಿಡದೆ ಕೌದಿ ಬಿರುಸಾಗುತ್ತದೆ. ಸೋಪು ಅರ್ಧ ಮಾಡಿ, ಜಾಲಿಸುವುದನ್ನು ಒಂದು ಸಲ ಹೆಚ್ಚು ಮಾಡಿ. ನೆನೆದ ಕೌದಿ ಒಣಗಿದ್ದಕ್ಕಿಂತ ಹಲವು ಪಟ್ಟು ತೂಗುತ್ತದೆ. ಒಂದೇ ಹಗ್ಗಕ್ಕೆ ನೇತುಹಾಕಿದರೆ ಆ ಭಾರಕ್ಕೆ ಹೊಲಿಗೆ ಕಡಿಯುತ್ತದೆ, ಮೂಲೆಗಳೂ ಎಳೆದುಕೊಳ್ಳುತ್ತವೆ. ಎರಡು ಅಡಿ ಅಂತರದ ಮೂರು ಹಗ್ಗಗಳ ಮೇಲೆ ಹರಡಿ, ಅಡಿಭಾಗವನ್ನು ಬಿಸಿಲಿಗೆ ತಿರುಗಿಸಿ ಒಣಗಿಸಿ.